ಗುರ್ ಎನ್ನುವ ಮರ್ಯಾದೆ

ನನ್ನ ತಟ್ಟೆಯ ಹಪ್ಪಳವನ್ನು ಯಾರಾದರೂ ಕೇಳದೆ ಮುರಿದುಕೊಂಡರೆ ನನಗೆ ಸಿಟ್ಟು ಬರುತ್ತದೆ. ಐವತ್ತರ ಹತ್ತಿರ ಬಂದಿರುವ ಹೆಂಗಸು ಹೇಳಿಕೊಳ್ಳುವ ಮಾತಲ್ಲ, ಆದರೆ ನಿಜ. ಪಕ್ಕದಲ್ಲಿ ಡಬ್ಬಿ ತುಂಬ ಹಪ್ಪಳವಿದ್ದರೂ ಸರಿಯೇ, ಕಡೆಯ ತುತ್ತು ಮೊಸರನ್ನಕ್ಕೆಂದು ತಟ್ಟೆಯ ಅಂಚಿನಲ್ಲಿ ಎತ್ತಿಟ್ಟ ಚೂರಿನ ಮೇಲೆ ಇನ್ನೊಂದು ಕೈ ಬಂದರೆ ನನ್ನ ಭುಜ ಬಿಗಿಯುತ್ತದೆ, ಅಗಿಯುವುದು ನಿಲ್ಲುತ್ತದೆ. ಮದುವೆಯಾದ ಹೊಸತರಲ್ಲಿ ನಮ್ಮ ಯಜಮಾನರು ಇದನ್ನು ಗಮನಿಸಿ ತಮಾಷೆಗೆಂದು ಮೂರು ಸಲ ಕೈ ಹಾಕಿದರು. ನಾಲ್ಕನೆಯ ಸಲ ಹಾಕಲಿಲ್ಲ. ಯಾಕೆಂದು ಅವರೂ ಹೇಳಿಲ್ಲ, ನಾನೂ ಕೇಳಿಲ್ಲ.

ಇದನ್ನು ಮೊದಲೇ ಒಪ್ಪಿಕೊಳ್ಳಲು ಕಾರಣವಿದೆ. ಮುಂದೆ ನಾನು ನಮ್ಮ ಮನೆಯ ನಾಯಿಯ ಪರವಾಗಿ ವಾದ ಮಾಡಲಿದ್ದೇನೆ. ವಕೀಲರಿಗೂ ಕಕ್ಷಿದಾರರಿಗೂ ಇರುವ ಹೋಲಿಕೆ ನಿಮಗೆ ಮುಂಚೆಯೇ ಗೊತ್ತಿದ್ದರೆ ಒಳ್ಳೆಯದು.

ನಾಯಿಯ ಹೆಸರು ಬೂದ. ಬೂದಿ ಬಣ್ಣದವನು, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಅಕ್ಕಿಹೆಬ್ಬಾಳಿನ ರೈಲು ಸ್ಟೇಷನ್ನಿನಿಂದ ಯಜಮಾನರ ಬೈಕಿನ ಹಿಂದೆ ನಮ್ಮ ಊರಿನವರೆಗೂ ಓಡಿ ಬಂದು, ಹಟ್ಟಿಯ ಮುಂದೆ ಮಲಗಿ, ಮಾರನೆಯ ದಿನದಿಂದ ನಮ್ಮವನಾದ. ಆ ಸ್ಟೇಷನ್ನಿನಲ್ಲಿ ನಿಲ್ಲುವ ರೈಲುಗಳು ಕಡಿಮೆ, ಕಿಟಕಿಯಿಂದ ಬೀಳುವ ಬನ್ನಿನ ಚೂರುಗಳು ಇನ್ನೂ ಕಡಿಮೆ, ನಾಯಿಗಳು ಮಾತ್ರ ಏಳೆಂಟು. ಅಲ್ಲಿ ಬೆಳೆದವನು ಅನ್ನ ಕಂಡರೆ ಮೊದಲು ಅದರ ಮೇಲೆ ಕವುಚಿಕೊಳ್ಳುತ್ತಾನೆ, ತಿನ್ನುವುದು ಆಮೇಲೆ.

ನಮ್ಮದು ಒಟ್ಟು ಸಂಸಾರ. ಯಜಮಾನರ ಅಣ್ಣ ನಿಂಗೇಗೌಡರು, ಅಂದರೆ ನನ್ನ ಬಾವ, ದನಕರು ಮತ್ತು ಗದ್ದೆ ನೋಡಿಕೊಳ್ಳುತ್ತಾರೆ. ಅವರ ಹೆಂಡತಿ ಸಾಕಕ್ಕ ಕೋಳಿ, ಹಿತ್ತಲು ಮತ್ತು ಬಾವನನ್ನು ನೋಡಿಕೊಳ್ಳುತ್ತಾರೆ. ನಾನು ಕೆ.ಆರ್. ಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಬಾವ ಹೋರಿ ಪಳಗಿಸುವುದರಲ್ಲಿ ಹೆಸರಾದವರು. ನಾಗಮಂಗಲ, ಪಾಂಡವಪುರದ ಕಡೆಯಿಂದಲೂ ಜನ ತಮ್ಮ ಎಳೆಯ ಹೋರಿಗಳನ್ನು ತಂದು ಅವರ ಬಳಿ ಬಿಟ್ಟುಹೋಗುತ್ತಾರೆ. ಹಳೆಯ ಕಾಲದ ಮನುಷ್ಯ. ತಮ್ಮನ ಹೆಂಡತಿಯ ಜೊತೆ ಎದುರಿಗೆ ನಿಂತು ಮಾತಾಡಬಾರದೆಂದು ಅವರ ಲೆಕ್ಕ. ನನಗೆ ಹೇಳಬೇಕಾದ್ದನ್ನು ಪಡಸಾಲೆಯ ಕಂಬಕ್ಕೆ ಹೇಳುತ್ತಾರೆ. "ಆಲು ಉಕ್ತಾ ಅದೇನೋ" ಎಂದು ಕಂಬಕ್ಕೆ ವರದಿ ಹೋದರೆ ನಾನು ಒಲೆಯ ಕಡೆ ಓಡಬೇಕು. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು, ಕಂಬವೂ ಬೇಸರಿಸಿಕೊಂಡಿರಲಿಲ್ಲ.

ಬೂದ ತಿನ್ನುವಾಗ ಯಾರಾದರೂ ಹತ್ತಿರ ಹೋದರೆ ಗುರ್ ಎನ್ನುತ್ತಿದ್ದ. ಬಾವನಿಗೆ ಇದನ್ನು ಸಹಿಸಲಾಗಲಿಲ್ಲ. ಅನ್ನ ಇಕ್ಕುವ ಕೈಗೇ ಗುರುಗುಟ್ಟುವುದೆಂದರೇನು? ನಾಯಿಗೆ ಮನೆಯ ಯಜಮಾನ ಯಾರೆಂದು ತಿಳಿಯಬೇಕು ಎಂದು, ದಿನವೂ ಅದು ತಿನ್ನುತ್ತಿರುವಾಗಲೇ ಸಿಲವಾರದ ಬೋಗುಣಿಯನ್ನು ಎಳೆದುಕೊಳ್ಳುತ್ತಿದ್ದರು. ಗುರ್ ಎಂದರೆ ಬೆತ್ತದಲ್ಲಿ ಒಂದು ಬಿಡುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಬುದ್ಧಿ ಕಲಿಸಲೆಂದೇ. ಹತ್ತು ಹನ್ನೆರಡು ದಿನದಲ್ಲಿ ಗುರುಗುಟ್ಟುವುದು ನಿಂತೇಹೋಯಿತು.

"ನೋಡ್ದಾ, ಎಂಗೆ ಬುದ್ದಿ ಕಲ್ತ," ಎಂದು ಬಾವ ಸಾಕಕ್ಕನಿಗೆ ತೋರಿಸಿದರು. ಸಾಕಕ್ಕ ತಲೆದೂಗಿದರು. ಒಳಗಿನಿಂದ ನಾನೂ ತಲೆದೂಗಿದೆ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ರವಿಕೆಯ ಅಳತೆ ತೆಗೆಯುತ್ತಾ, ನಮ್ಮ ಬಾವ ನಾಯಿಗೆ ಪಾಠ ಹೇಳಿದ ಕತೆಯನ್ನು ಹೇಳಿದೆ. ಇದೂ ನನ್ನ ತಪ್ಪೊಪ್ಪಿಗೆಗಳ ಪಟ್ಟಿಯಲ್ಲಿ ಸೇರಲಿ.

ಅದಾಗಿ ಒಂದು ಭಾನುವಾರ ಕೋಳಿ ಸಾರು. ಬೂದನ ಬೋಗುಣಿಯಲ್ಲಿ ಮುದ್ದೆಯ ಜೊತೆ ಒಂದಷ್ಟು ಚರ್ಮ, ಮಾಂಸದ ಚೂರು. ಬಾವ ಎಂದಿನಂತೆ ಬೋಗುಣಿಗೆ ಕೈ ಹಾಕಿದರು. ಬೂದ ಗುರ್ ಎನ್ನಲಿಲ್ಲ, ಹಲ್ಲು ತೋರಿಸಲಿಲ್ಲ. ಸುಮ್ಮನೆ ಕಚ್ಚಿದ. ಹೆಬ್ಬೆರಳಿನ ಬುಡದಲ್ಲಿ ನಾಲ್ಕು ಹಲ್ಲು ಇಳಿದಿದ್ದವು.

ನಲ್ಲಿಯ ಕೆಳಗೆ ಸೋಪು ಹಾಕಿ ಕಾಲು ಗಂಟೆ ತೊಳೆದು, ಯಜಮಾನರು ಅವರನ್ನು ಕೆ.ಆರ್. ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಂಜೆಕ್ಷನ್ನು, ಬ್ಯಾಂಡೇಜು ಎಲ್ಲ ಆಯಿತು. ಗಾಯಕ್ಕಿಂತ ಹೆಚ್ಚಾಗಿ ಬಾವನಿಗೆ ನೋವಾದದ್ದು ಬೇರೆ ವಿಷಯಕ್ಕೆ. "ಒಂದ್ ಸದ್ದು ಮಾಡ್ದಂಗೆ ಕಚ್ಬುಡ್ತಲ್ಲ. ಮೋಸದ್ ನಾಯಿ," ಎಂದು ಸಾಯಂಕಾಲದವರೆಗೂ ಅದನ್ನೇ ಹೇಳಿದರು. ಆಮೇಲೆ ತಮ್ಮನನ್ನು ಕರೆದು, "ತಗಂಡೋಗಿ ಬೆಳ್ಳೂರ್ ಕ್ರಾಸಲ್ ಬುಟ್ಬುಟ್ಟು ಬಾ. ಓಟ್ಲುಗಳವೆ, ಬದುಕ್ಕತ್ತದೆ," ಎಂದರು.

ಯಜಮಾನರು ಅಣ್ಣನ ಮಾತಿಗೆ ಎದುರಾಡಿದವರಲ್ಲ. ನೆಲ ನೋಡುತ್ತಾ ನಿಂತರು. ಬೂದ ಹೊಂಗೆ ಮರದ ಕೆಳಗೆ, ಬಾಲ ಒಳಗೆ ಎಳೆದುಕೊಂಡು ಕೂತಿದ್ದ. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಅವನು ಇನ್ನೊಮ್ಮೆ ಯಾವುದಾದರೂ ಬೈಕಿನ ಹಿಂದೆ ಓಡುವುದು ನನ್ನ ಕಣ್ಣಿಗೆ ಕಟ್ಟಿತು. ನಾನು ಹೊಸ್ತಿಲು ದಾಟಿ ಬಂದು ಹೇಳಿಯೇಬಿಟ್ಟೆ:

"ಬಾವ, ಕಚ್ಚಿದ್ ನಾಯ್ನ ಅತ್ತು ದಿನ ಕಣ್ಮುಂದೇನೇ ಇಟ್ಕಂಡು ನೋಡ್ಬೇಕು ಅಂತ ಆಸ್ಪತ್ರೇಲೇ ಏಳವ್ರೆ. ಅದ್ರ ಮ್ಯಾಲೆ ಇನ್ನಿಪ್ಪತ್ತು ದಿನ ಸೇರ್ಸಿ ಒಂದ್ ತಿಂಗ್ಳು ಕೊಡಿ. ದನದ್ ಡಾಕ್ಟ್ರಿಗೆ ತೋರಿಸ್ತೀನಿ. ಆಮೇಲೆ ನೀವ್ ಏಳ್ದಂಗೆ."

ಬಾವ ಕಂಬಕ್ಕೆ ಹೇಳಿದರು: "ಒಂದ್ ತಿಂಗ್ಳು. ಆಮೇಲೆ ನಾನ್ ಯಾರ್ ಮಾತೂ ಕೇಳಾಕಿಲ್ಲ."

ಬೂದನನ್ನು ಲಗೇಜ್ ಆಟೋದಲ್ಲಿ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ಮೊದಲು ಅವನ ಹಲ್ಲು, ಕಿವಿ ನೋಡಿದರು, ಹೊಟ್ಟೆ ಒತ್ತಿದರು. ನೋವಿದ್ದರೂ ನಾಯಿ ಕಚ್ಚುತ್ತದಂತೆ. ನೋವೇನೂ ಇರಲಿಲ್ಲ.

"ಕಚ್ಚೋಕೆ ಮುಂಚೆ ಏನು ಮಾಡ್ತು?" ಎಂದು ಕೇಳಿದರು.

"ಏನೂ ಮಾಡಲಿಲ್ಲ ಮೇಡಂ."

"ಅದಕ್ಕೂ ಹಿಂದೆ? ಹೋದ ತಿಂಗಳು?"

"ಆಗ ಗುರ್ ಅಂತಿತ್ತು. ಹೊಡೆದು ಬಿಡಿಸಿದ್ವಿ," ಎಂದೆ. ಆಗಲೂ ನನ್ನ ದನಿಯಲ್ಲಿ ಒಂದಿಷ್ಟು ಹೆಮ್ಮೆ ಇತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಲಾರಿ ಹಾರನ್ ಹೊಡೀತಾ ಬರ್ತಿತ್ತು. ಸದ್ದು ಜಾಸ್ತಿ ಅಂತ ನೀವು ಹಾರನ್ ವೈರ್ ಕಿತ್ತುಹಾಕಿದ್ರಿ. ಲಾರಿ ನಿಂತಿಲ್ಲವಲ್ಲ."

ಆಮೇಲೆ ಅವರೇ ಬಿಡಿಸಿ ಹೇಳಿದರು. ನಾಯಿಗೆ ನಮ್ಮ ಮನೆಯ ಯಜಮಾನಿಕೆ ಬೇಕಾಗಿಲ್ಲ. ಅನ್ನವನ್ನು ಕಿತ್ತುಕೊಳ್ಳುತ್ತಾರೆಂಬ ಹೆದರಿಕೆ ಅದಕ್ಕೆ. ನಾವು ದಿನವೂ ಕಿತ್ತುಕೊಂಡು ಆ ಹೆದರಿಕೆ ಸರಿಯೆಂದು ತೋರಿಸಿಕೊಟ್ಟೆವು. ಗುರ್ ಎನ್ನುವುದು ಅದರ ಬೇಡಿಕೆ: ದಯವಿಟ್ಟು ಹತ್ತಿರ ಬರಬೇಡಿ, ನನಗೆ ಕಚ್ಚಲು ಇಷ್ಟವಿಲ್ಲ ಎಂದು. ಆ ಮಾತಿಗೆ ಏಟು ಬಿದ್ದಾಗ ಅದು ಮಾತು ಬಿಟ್ಟಿತು, ಹೆದರಿಕೆಯನ್ನು ಬಿಡಲಿಲ್ಲ.

"ಇನ್ಮೇಲೆ ತಟ್ಟೆಯಿಂದ ಏನೂ ತೆಗೀಬೇಡಿ, ತಟ್ಟೆಗೆ ಹಾಕಿ," ಎಂದು ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ಹುಳದ ಮಾತ್ರೆ ಒಂದು, ಬೇಯಿಸಿದ ಮೊಟ್ಟೆ ದಿನಕ್ಕೊಂದು ಎಂದಿತ್ತು.

ಇಲ್ಲಿ ಒಂದು ಕ್ಷಣ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ. ನಮ್ಮ ಮಂಡ್ಯ ಜಿಲ್ಲೆಯದೇ ಊರು ಆತಕೂರು. ಹಂದಿಯೊಡನೆ ಕಾದಾಡಿ ಸತ್ತ ಒಂದು ನಾಯಿಗೆ ಅಲ್ಲಿ ಸಾವಿರ ವರ್ಷಗಳ ಹಿಂದೆ ಕಲ್ಲು ನೆಡಿಸಿದ್ದರು. ಆ ಕಲ್ಲನ್ನು ಪೂಜಿಸದೆ ಊಟ ಮಾಡುವ ಪೂಜಾರಿಗೆ ಪಾಪ ತಟ್ಟುತ್ತದೆಂದು ಅದರ ಮೇಲೆ ಕೆತ್ತಿಸಿಯೂ ಇದ್ದಾರೆ. ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಸತ್ತ ನಾಯಿಯನ್ನು ನೆನೆದ ಮೇಲೆಯೇ ಉಣ್ಣಬೇಕೆಂದು ಕಟ್ಟಳೆ ಮಾಡಿದ ಸೀಮೆಯಲ್ಲಿ, ಬದುಕಿರುವ ನಾಯಿಯನ್ನು ಅದರ ಪಾಡಿಗೆ ಉಣ್ಣಲು ಬಿಡುವುದನ್ನು ನಾವು ಚೀಟಿ ಬರೆಸಿಕೊಂಡು ಕಲಿಯಬೇಕಾಯಿತು.

ಕೆಲಸ ಕೇಳಲು ಸುಲಭವಾಗಿತ್ತು. ಬೂದ ತಿನ್ನುವಾಗ, ಅವನ ಮೈ ಬಿಗಿಯದಷ್ಟು ದೂರದಲ್ಲಿ ನಿಲ್ಲಬೇಕು. ಒಂದು ಚೂರು ಮೊಟ್ಟೆ ಬೋಗುಣಿಯ ಬಳಿ ಬೀಳುವಂತೆ ಎಸೆಯಬೇಕು. ತಿರುಗಿ ಹೊರಟುಬಿಡಬೇಕು. ಅಷ್ಟೇ. ಮನುಷ್ಯ ಹತ್ತಿರ ಬಂದರೆ ಅನ್ನ ಹೋಗುವುದಿಲ್ಲ, ಅನ್ನದ ಜೊತೆ ಮೊಟ್ಟೆ ಬರುತ್ತದೆ ಎಂದು ಅವನಿಗೆ ಖಾತ್ರಿಯಾಗಬೇಕು. ಆಮೇಲೆ ದಿನಕ್ಕೆ ಅರ್ಧ ಹೆಜ್ಜೆ ಮುಂದೆ.

ಮೊದಲ ದಿನ ಹನ್ನೆರಡು ಹೆಜ್ಜೆ ದೂರದಲ್ಲಿ ನಿಂತೆ. ನಾನೆಸೆದ ಮೊದಲ ಚೂರು ತಿಪ್ಪೆಗೆ ಬಿತ್ತು. ಎರಡನೆಯದನ್ನು ಕೋಳಿ ತಿಂದಿತು. ಕೋಳಿಗೆ ಮೊಟ್ಟೆ ತಿನ್ನಿಸಿದ ಪಾಪ ಯಾವ ಕಲ್ಲಿನಲ್ಲಿ ಕೆತ್ತಿದೆಯೋ. ಸಾಕಕ್ಕ ನೋಡಲಾರದೆ ಬಂದು, "ಕೊಡಿಲ್ಲಿ, ಎಸಿಯಾಕೇ ಬರಲ್ಲ ನಿಂಗೆ," ಎಂದು ನನ್ನ ಕೈಯಿಂದ ಮೊಟ್ಟೆ ಕಸಿದುಕೊಂಡರು. ದಿನವೂ ಕೋಳಿಗೆ ಕಾಳು ಚೆಲ್ಲುವ ಕೈ, ಗುರಿ ತಪ್ಪಲಿಲ್ಲ. ಅಂದಿನಿಂದ ನಡೆಯುವುದು ನಾನು, ಎಸೆಯುವುದು ಸಾಕಕ್ಕ.

ಜಗಲಿಯ ಮೇಲೆ ಬ್ಯಾಂಡೇಜಿನ ಕೈ ಮಡಚಿ ಕೂತ ಬಾವ, "ಕಚ್ಚಿದ್ಕೆ ಮೊಟ್ಟೆ ಬೌಮಾನ. ಕಚ್ಚಿಸ್ಕಂಡೋನ್ಗೆ ಏನೂ ಇಲ್ಲ," ಎಂದು ಕಂಬಕ್ಕೆ ದೂರಿದರು. ಮಾತು ನ್ಯಾಯವಾಗಿಯೇ ಇತ್ತು. ಮಾರನೆಯ ದಿನದಿಂದ ಸಾಕಕ್ಕ ಎರಡು ಮೊಟ್ಟೆ ಬೇಯಿಸತೊಡಗಿದರು.

ಎರಡನೆಯ ವಾರ ನಾನು ತಪ್ಪು ಮಾಡಿದೆ. ಒಂದು ತಿಂಗಳ ಗಡುವು ತಲೆಯಲ್ಲಿ ಕೊರೆಯುತ್ತಿತ್ತು. ಆರು ಹೆಜ್ಜೆಯಿಂದ ಒಂದೇ ಸಲಕ್ಕೆ ಮೂರಕ್ಕೆ ಬಂದೆ. ಬೂದ ತಿನ್ನುವುದನ್ನು ನಿಲ್ಲಿಸಿದ. ಬೋಗುಣಿಯ ಮೇಲೆ ತಲೆ ಬಗ್ಗಿಸಿಕೊಂಡೇ ಕಣ್ಣಂಚಿನಲ್ಲಿ ನನ್ನನ್ನು ನೋಡಿದ. ಕಣ್ಣಿನ ಬಿಳಿ ಕಾಣುತ್ತಿತ್ತು. ನಾನು ಹಿಂದಕ್ಕೆ ಸರಿದೆ. ಡಾಕ್ಟರಮ್ಮನಿಗೆ ಫೋನು ಮಾಡಿದರೆ, "ಮತ್ತೆ ಎಂಟು ಹೆಜ್ಜೆಗೆ ಹೋಗಿ. ಅದಕ್ಕೆ ಕ್ಯಾಲೆಂಡರ್ ಗೊತ್ತಿಲ್ಲ," ಎಂದು ಇಟ್ಟುಬಿಟ್ಟರು. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಇರುವುದೇ ಇನ್ನು ಎರಡು ವಾರ.

ಮೂರನೆಯ ವಾರ, ಪಾಂಡವಪುರದ ಕಡೆಯವರೊಬ್ಬರು ಒಂದು ಹೋರಿಕರುವನ್ನು ತಂದುಬಿಟ್ಟಿದ್ದರು. ಬಾವ ಎಡಗೈಯಲ್ಲಿ ನೊಗ ಹಿಡಿದು ಅದರ ಮೂತಿಯ ಹತ್ತಿರ ಒಯ್ಯುವುದು, ಅದು ಮೂಸಿದ ಮೇಲೆ ಬೆಲ್ಲ ಕೊಡುವುದು, ನೊಗವನ್ನು ಹಿಂದಕ್ಕೆ ತರುವುದು. ಮತ್ತೆ ಅದೇ. ಬಸ್ಸಿಗೆ ಹೊರಟಿದ್ದ ನಾನು ಬ್ಯಾಗು ಹಿಡಿದುಕೊಂಡೇ ನಿಂತು ನೋಡಿದೆ. ನೋಡುತ್ತಾ ನೋಡುತ್ತಾ ಬಸ್ಸು ಹೋಯಿತು.

"ಬಾವ," ಎಂದೆ, "ಮೊದಲ್ನೇ ದಿನಾನೇ ಗಾಡಿ ಕಟ್ಬುಟ್ರೆ ಏನಾಯ್ತದೆ?"

ಬಾವ ಕೆಲಸದ ಗುಂಗಿನಲ್ಲಿದ್ದರು. ನನ್ನ ಕಡೆಗೇ ತಿರುಗಿ ಹೇಳಿದರು: "ಎದರ್ಕತ್ತದೆ ಕಣವ್ವ. ಆಮ್ಯಾಕೆ ನೊಗ ಕಂಡ್ರೇ ಒದೀತದೆ. ಮೊದ್ಲು ಮೂಸಾಕ್ ಬುಡ್ಬೇಕು. ಆಮೇಲೆ ಬರೀ ನೊಗ. ಆಮೇಲೆ ಒಂದ್ ಕೊರಡು ಎಳಸ್ಬೇಕು. ಗಾಡಿ ಗೀಡಿ ಎಲ್ಲಾ ಆಮ್ಯಾಕೆ. ಒಡದು ಕಲ್ಸಿದ್ ಎತ್ತು ಯಾವತ್ತಿದ್ರೂ ಒಂದಿನ ಕೈಕೊಡ್ತದೆ."

ಇಪ್ಪತ್ತೆರಡು ವರ್ಷದಲ್ಲಿ ಬಾವ ನನ್ನ ಮುಖ ನೋಡಿ ಇಷ್ಟುದ್ದ ಮಾತಾಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾವು ಏನು ಹೇಳಿದೆವೆಂಬುದು ಅವರ ಕಿವಿಗೇ ಬಿದ್ದಿತ್ತು. ಹೊಂಗೆ ಮರದ ಕಡೆ ನೋಡಿದರು. ಹೋರಿಕರು ಇನ್ನಷ್ಟು ಬೆಲ್ಲಕ್ಕಾಗಿ ಅವರ ಅಂಗೈ ನೆಕ್ಕುತ್ತಿತ್ತು.

"ಅದೂ ಇದೂ ಒಂದೇನಾ?" ಎಂದರು ಮೆಲ್ಲಗೆ.

"ನನಗೇನ್ ಗೊತ್ತು ಬಾವ. ನಾನು ರವಿಕೆ ಒಲಿಯೋಳು. ಪ್ರಾಣಿ ಬಲ್ಲೋರು ನೀವು."

ಮಾರನೆಯ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನೆರಳು ಕಾಣಿಸಿತು. "ಆ ಮೊಟ್ಟೆ ಇತ್ಲಾಗ್ ಕೊಡವ್ವ," ಎಂದರು ಬಾವ.

ಅವರನ್ನು ಕಂಡು ಬೂದನ ಕಿವಿಗಳೆರಡೂ ಹಿಂದಕ್ಕೆ ಹೋದವು. ಬಾವ ನಾನು ಹೇಳಿದ್ದಕ್ಕಿಂತಲೂ ದೂರ ನಿಂತರು. ಎದುರಿಗೆ ನಿಲ್ಲದೆ ಪಕ್ಕಕ್ಕೆ ತಿರುಗಿ, ಕಣ್ಣಲ್ಲಿ ಕಣ್ಣಿಡದೆ, ಬೇಲಿಯ ಕಡೆ ನೋಡುತ್ತಾ ಮೊಟ್ಟೆ ಎಸೆದರು. ಇದನ್ನು ಡಾಕ್ಟರಮ್ಮ ನನಗೆ ಎರಡು ಸಲ ಹೇಳಿದ್ದರು, ನಾನು ಎರಡು ಸಲವೂ ಮರೆತಿದ್ದೆ. ಬಾವನಿಗೆ ಯಾರೂ ಹೇಳಿರಲಿಲ್ಲ. ಎಸೆದು, ತಿರುಗಿ ನಡೆದುಬಂದರು. ಮುಖದಲ್ಲಿ ಬೆವರಿತ್ತು. ಅವರಿಗೂ ಹೆದರಿಕೆಯಾಗಿತ್ತೆಂದು ನನಗೆ ಆಗ ತಿಳಿಯಿತು. ಒಂದು ಲೋಟ ಮಜ್ಜಿಗೆ ಕೊಟ್ಟೆ.

ತಿಂಗಳು ತುಂಬಿದ ದಿನ ನಾನು ಬೆಳಗಿನಿಂದ ಬಾವನ ಮುಖವನ್ನೇ ನೋಡುತ್ತಿದ್ದೆ. ಅವರು ಬೆಳ್ಳೂರು ಕ್ರಾಸಿನ ಮಾತೆತ್ತಲಿಲ್ಲ. ಹೋರಿಕರುವಿಗೆ ಬೆಲ್ಲ, ಬೂದನಿಗೆ ಮೊಟ್ಟೆ, ಎರಡೂ ಸರದಿಯಲ್ಲಿ ನಡೆದವು. ಇನ್ನೊಂದು ತಿಂಗಳಾಗುವ ಹೊತ್ತಿಗೆ ಬಾವನ ಹೆಜ್ಜೆ ಸದ್ದಿಗೆ ಬೂದ ಬೋಗುಣಿಯಿಂದ ತಲೆಯೆತ್ತಿ ಬಾಲ ಅಲ್ಲಾಡಿಸುವಂತಾದ. ಅನ್ನವನ್ನು ಬಿಟ್ಟು, ಇವರ ಕೈಯಲ್ಲೇನಿದೆ ಎಂದು ನೋಡುತ್ತಿದ್ದ. ಬಾವ ಬಗ್ಗಿ ಬೋಗುಣಿಯೊಳಗೇ ಮೊಟ್ಟೆ ಹಾಕಿ ಬರುತ್ತಿದ್ದರು. ಬೋಗುಣಿಯನ್ನು ಎಳೆಯುವ ಆಟ ಮಾತ್ರ ಮತ್ತೆ ಆಡಲಿಲ್ಲ.

ಹಾಗೆಂದು ಬೂದ ಸಾಧುವಾದನೆಂದು ತಿಳಿಯಬೇಡಿ. ಬೋಗುಣಿಯ ವಿಷಯ ಬೇರೆ, ತಾನೇ ಎಲ್ಲಿಂದಲೋ ಹೊತ್ತು ತಂದ ಮೂಳೆಯ ವಿಷಯ ಬೇರೆ. ಮೊನ್ನೆ ಬೆಳಗ್ಗೆ ನಾನು ಒಲೆಯ ಮುಂದೆ ಕೋಲು ಹಾಕಿ ಮುದ್ದೆ ತೊಳಸುತ್ತಿದ್ದೆ. ಬಾವ ಹಿತ್ತಿಲ ಬಾಗಿಲಿಗೆ ಬಂದು ನಿಂತರು. ಮಗ ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ತಂದವರ ಮುಖ.

"ಅವ್ವ, ಇವತ್ತು ಬೂದ ನಂಗೆ ಗುರ್ ಅಂದ ಕಣವ್ವ."

ಕೋಲು ಹಿಡಿದಿದ್ದ ನನ್ನ ಕೈ ನಿಂತಿತು. "ಎಲ್ಲಿ ಬಾವ?"

"ಗಾಡಿ ತಾವ. ಅದ್ಯಾವ್ದೋ ಮೂಳೆ ಇಟ್ಕಂಡು ಅದರಡಿ ಕೂತವ್ನೆ. ಅಗ್ಗ ತಗಳಾಕೆ ಬಗ್ಗುದ್ನಾ, ಗುರ್ ಅಂದ. ಜೋರಾಗೇನಲ್ಲ. ಮೆಲ್ಲಗೆ."

"ನೀವೇನ್ ಮಾಡುದ್ರಿ?"

"ನಾನೇನ್ ಮಾಡ್ಲವ್ವ. ಅವ್ನು ಏಳ್ದ, ನಾನ್ ಕೇಳಿಸ್ಕಂಡೆ. ಸರಿ ಕಣಪ್ಪ, ತಿನ್ನು ಅಂದ್ಬುಟ್ಟು ಬಂದೆ," ಎಂದು ಬಾವ ಗೋಡೆಗೊರಗಿ, ಬಿಸಿಲಿಗೆ ಕಾಲು ಚಾಚಿ ಕೂತರು.

ಹಗ್ಗಕ್ಕೆ ಕಾದಿದ್ದ ಹಸು ಅಂದು ಅರ್ಧ ಗಂಟೆ ತಡವಾಗಿ ಗದ್ದೆಗೆ ಹೋಯಿತು. ಅದರಿಂದ ಹುಲ್ಲಿಗೂ ಹಸುವಿಗೂ ನಮಗೂ ಏನೂ ಕಡಿಮೆಯಾಗಲಿಲ್ಲ.