ಕೈ ಎತ್ತಿದರೆ ನಿಲ್ಲುವ ತಾಳ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ವ್ಯಾಯಾಮದ ಹಾಲ್‌ನಲ್ಲಿ ಇನ್ನೂ ಒಂದೇ ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಐವತ್ತೆರಡರ ಹೆಂಗಸೊಬ್ಬರು ಹೊಸ ಕೀಬೋರ್ಡಿನ ಗುಂಡಿಗಳನ್ನು ಒತ್ತದೆ, ಬರೀ ಮುಟ್ಟಿ ನೋಡುತ್ತಿದ್ದಾರೆ. ಹೊಸ ಮನೆಗೆ ಬಂದವರು ಕತ್ತಲಲ್ಲಿ ಸ್ವಿಚ್ ಹುಡುಕುವ ಹಾಗೆ.

ಎಲ್ಲರೂ ಅವರನ್ನು ಕರೆಯುವುದು ತಾಳದಕ್ಕ ಎಂದು. ಪಾರ್ಶ್ವವಾಯು ಬಡಿದವರು ಮತ್ತೆ ನಡೆಯಲು ಕಲಿಯುವಾಗ ಹೆಜ್ಜೆಗೆ ತಾಳ ಕೊಡುವುದು ಅವರ ಕೆಲಸ. ಎಡಗೈ ಮೂರು ಸ್ವರ ಒಟ್ಟಿಗೆ ಒತ್ತಿ ಹಿಡಿದರೆ ಕೀಬೋರ್ಡ್ ಪೆಟ್ಟಿಗೆಯೇ ಡ್ರಮ್ಮು, ಬೇಸು ಎಲ್ಲ ಬಾರಿಸುತ್ತದೆ, ಬಲಗೈಗೆ ರಾಗ. ಕಣ್ಣು ಮಾತ್ರ ಕೀಬೋರ್ಡಿನ ಮೇಲಿಲ್ಲ, ನಡೆಯುವವರ ಪಾದದ ಮೇಲೆ. ಪಾದ ತಡವರಿಸಿದರೆ ಎಡಗೈ ಮೇಲಕ್ಕೆ, ತಾಳ ಗಪ್‌ಚಿಪ್. ಹೆಜ್ಜೆ ಊರಿದ ಕ್ಷಣ ಕೈ ಕೆಳಗೆ.

ದಿನಕ್ಕೆ ಹನ್ನೊಂದು ಮಂದಿ, ಮೂರು ಗಂಟೆ. ನಿಮಿಷಕ್ಕೆ ಯಾರಿಗೆ ಎಷ್ಟು ತಾಳ ಎಂಬುದು ಬಾಯಿಪಾಠ. "ಬನ್ನಿ ಅರವತ್ತು, ಇನ್ನೂ ನಿದ್ದೆ ಬಿಟ್ಟಿಲ್ವಾ?" ಎಂದೇ ಮಾತಾಡಿಸುತ್ತಾರೆ. ಅವರಲ್ಲೊಬ್ಬರು ಟೈಲರಮ್ಮ, ಮೂರು ತಿಂಗಳ ಹಿಂದೆ ಮೂವತ್ತೆಂಟು, ಈಗ ನಲವತ್ತೆಂಟು.

ಮೊದಲು ಹತ್ತೊಂಬತ್ತು ವರ್ಷ ಮದುವೆಮನೆಗಳ ಆರ್ಕೆಸ್ಟ್ರಾ. "ಹಾಡೋರು ಮುಂದೆ, ನಾನು ಸ್ಪೀಕರ್ ಹಿಂದೆ. ನನ್ನ ಮೊಣಕೈ ಬಿಟ್ಟು ಜನಕ್ಕೆ ಏನೂ ಕಾಣ್ತಿರಲಿಲ್ಲ" ಎಂದು ನಗುತ್ತಾರೆ. ತಂಡ ಒಡೆದ ವರ್ಷವೇ ಗಂಡನ ಬಲಗಾಲು ಸ್ವಾಧೀನ ತಪ್ಪಿತು. ಇದೇ ಹಾಲ್‌ನಲ್ಲಿ ಕಾದು ಕಾದು, ಬೇಸರಕ್ಕೆ ಬೆಂಚಿನ ಮೇಲೆ ಬೆರಳಿಂದ ಕುಟ್ಟುತ್ತಿದ್ದರಂತೆ. ಆ ಸದ್ದಿಗೆ ಗಂಡ ಮೂರು ಹೆಜ್ಜೆ ಇಟ್ಟರು. "ನಾಳೆ ಪೆಟ್ಟಿಗೇನೇ ತನ್ನಿ" ಎಂದರು ಫಿಸಿಯೋ ಡಾಕ್ಟರು. ಅದಾಗಿ ಹದಿನಾಲ್ಕು ವರ್ಷ.

ಹಳೆಯ ಪೆಟ್ಟಿಗೆ ಹೋದ ವಾರ ಕೊನೆಯುಸಿರೆಳೆಯಿತು. ಬಂದಿರುವುದು ಬೇರೆ ಕಂಪನಿಯದು. ಹೇಗಿದೆ ಎಂದು ನಾನು ಕೇಳಿದರೆ ಮುಖ ಅರಳುತ್ತದೆ. "ಕೀ ಹಗುರ. ಡ್ರಮ್ಮಿನ ಚರ್ಮ ಕೂಡ ಕೇಳಿಸುತ್ತೆ ಕಣಮ್ಮ! ಆದ್ರೆ ಇದಕ್ಕೆ ಉತ್ಸಾಹ ಜಾಸ್ತಿ. ಹಳೇದು ಹೇಳಿದಷ್ಟು ಮಾಡ್ತಿತ್ತು. ಇದು ಹೊಸ ಅಳಿಯ ಇದ್ದ ಹಾಗೆ, ಕರೀದೇ ಇದ್ರೂ ಓಡಿ ಬರುತ್ತೆ."

ಇದರಲ್ಲಿ ಎಡಮೂಲೆಯ ಪುಟ್ಟ ಗುಂಡಿ ಒತ್ತಿದ್ದರೆ ಮಾತ್ರ, ಕೈ ಎತ್ತಿದಾಗ ತಾಳ ನಿಲ್ಲುತ್ತದೆ. ನಿನ್ನೆ ತಮ್ಮ ತಂಗಿಯಿಂದ ಪೆಟ್ಟಿಗೆ ಜೊತೆ ಬಂದ ಪುಸ್ತಕ ಓದಿಸಿ ಅದನ್ನು ಪತ್ತೆ ಮಾಡಿ ಒತ್ತಿದ್ದರು. ಆಫ್ ಮಾಡಿದರೆ ಪೆಟ್ಟಿಗೆ ಅದನ್ನು ಮರೆತುಬಿಡುತ್ತದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಟೈಲರಮ್ಮ ಇಂದು ಮೊದಲ ಸಲ ಕೋಲಿಲ್ಲದೆ ಕಿಟಕಿಯವರೆಗೆ ನಡೆಯಬೇಕು. ಹದಿನೆಂಟು ಹೆಜ್ಜೆ. ಆರನೆಯದರಲ್ಲಿ ಎಡಪಾದ ನೆಲ ಬಿಡುವುದಿಲ್ಲ. ತಾಳದಕ್ಕನ ಕೈ ಮೇಲೇರುತ್ತದೆ. ಡ್ರಮ್ಮು ನಿಲ್ಲುವುದಿಲ್ಲ. ಆ ತಾಳವನ್ನು ಹಿಡಿಯಲು ಹೋದ ಬಲಗಾಲು ಮುಗ್ಗರಿಸುತ್ತದೆ. ಡಾಕ್ಟರು ಎರಡೂ ತೋಳು ಚಾಚಿ ಹಿಡಿದುಕೊಳ್ಳುತ್ತಾರೆ.

ಪೆಟ್ಟಿಗೆ ಆಫ್ ಮಾಡಿದ ತಾಳದಕ್ಕನ ಮುಖದಲ್ಲಿ ರಕ್ತವಿಲ್ಲ.

"ಅಕ್ಕಾ, ಒಂದೆರಡು ವಾರ ಮೊಬೈಲಲ್ಲೇ ಹಾಡು ಹಾಕೋಣ ಬಿಡಿ" ಎನ್ನುತ್ತಾರೆ ಡಾಕ್ಟರು.

"ಮೊಬೈಲಿಗೆ ಕಾಲು ಕಾಣುತ್ತಾ ಡಾಕ್ಟ್ರೇ?"

ಕುರ್ಚಿಯಲ್ಲಿ ಏದುಸಿರು ಬಿಡುತ್ತಿದ್ದ ಟೈಲರಮ್ಮ ನಡುವೆ ಬಾಯಿ ಹಾಕುತ್ತಾರೆ. "ಹೊಸ ಮಿಷನ್ನಲ್ಲಿ ಮೊದಲನೇ ಹೊಲಿಗೆ ಎಲ್ಲಿ ನೆಟ್ಟಗೆ ಬರುತ್ತೆ? ಬಿಚ್ಚಿ ಹೊಲಿಯಮ್ಮ, ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀಯ?"

ಪೆಟ್ಟಿಗೆ ಮತ್ತೆ ಆನ್ ಆಗುತ್ತದೆ. ಗುಂಡಿ ಒತ್ತಿ, ಕೈ ಇಟ್ಟು, ಎತ್ತಿ, ಮೂರು ಸಲ ಪರೀಕ್ಷೆ. ಆಮೇಲೆ ನಲವತ್ತೆಂಟು.

ಹದಿಮೂರನೇ ಹೆಜ್ಜೆಗೆ ಪಾದ ಮತ್ತೆ ಅಂಟಿಕೊಳ್ಳುತ್ತದೆ. ಕೈ ಮೇಲೆ. ಹಾಲ್‌ನಲ್ಲಿ ಫ್ಯಾನಿನ ಸದ್ದಷ್ಟೇ. ಯಾರೂ ಅವಸರ ಮಾಡುವುದಿಲ್ಲ. ಹಿಮ್ಮಡಿ ಮೆಲ್ಲಗೆ ಏಳುತ್ತದೆ, ಪಾದ ಮುಂದೆ ಬೀಳುತ್ತದೆ. ಅದರ ಜೊತೆಗೇ ಡ್ರಮ್ಮೂ ಬೀಳುತ್ತದೆ. ಉಳಿದ ಐದು ಹೆಜ್ಜೆ ಮುಗಿಸಿ ಟೈಲರಮ್ಮ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಾ ನಿಲ್ಲುತ್ತಾರೆ.

ಹಿಂದಿರುಗಿದ ಮೇಲೆ ಚೀಲದಿಂದ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದು, ಆ ಪುಟ್ಟ ಗುಂಡಿಯ ಪಕ್ಕ ಬಿಳಿ ಗೆರೆ ಎಳೆಯುತ್ತಾರೆ. "ನಾಳೆ ಮೊದಲು ಇದು. ಆಮೇಲೆ ನಾನು."

ಇಷ್ಟೆಲ್ಲ ಮಾಡಿ ನಿಮಗಿರುವ ಆಸೆಯೇನು ಎಂದು ತಾಳದಕ್ಕನನ್ನು ಕೇಳಿದೆ. ಗೆರೆ ಅಳಿಸದ ಹಾಗೆ ಪೆಟ್ಟಿಗೆ ಒರೆಸುತ್ತಾ ಹೇಳಿದರು: "ಇವರೆಲ್ಲ ರಸ್ತೇಲಿ ನಡೀವಾಗ ನನ್ನ ತಾಳ ನೆನಪಾಗಬಾರದು. ನೆನಪಾದ್ರೆ, ನನ್ನ ಕೆಲಸ ಇನ್ನೂ ಮುಗಿದಿಲ್ಲ ಅಂತ."