ತುಲುಮ್‌ನ ಗೋಡೆಯೊಳಗೆ

ಬಾಲದ ತುದಿ ಎಂದೋ ಮುರಿದು, ಆ ಜಾಗದಲ್ಲಿ ಎರಡು ಬೆರಳಿನಷ್ಟು ಹೊಸ ಬಾಲ ಕಪ್ಪಗೆ ಬೆಳೆದಿತ್ತು. ಉಡದಂಥ ಆ ಪ್ರಾಣಿ ಕಾದ ಕಲ್ಲಿನ ಮೇಲೆ ಮಲಗಿ ನಮ್ಮನ್ನೇ ನೋಡುತ್ತಿತ್ತು.

“ಎಂತ ಮಾರಾಯ್ತಿ, ಇದಕ್ಕೆ ನಮ್ಮ ಹೆದರಿಕೆನೇ ಇಲ್ವಲ್ಲೇ,” ಎಂದಳು ಅಮ್ಮ. “ನಮ್ಮೂರಲ್ಲಾಗಿದ್ರೆ ಇಷ್ಟೊತ್ತಿಗೆ ಸಾರಾಗಿರ್ತಿತ್ತು.”

ಸಾಗರದಲ್ಲಿ ರೈಲು ಹತ್ತಿ ಬೆಂಗಳೂರಿಗೆ, ಅಲ್ಲಿಂದ ವಿಮಾನ ಬದಲಿಸುತ್ತ ಮೆಕ್ಸಿಕೋದ ಕಾನ್ಕೂನ್‌ಗೆ ಬಂದಿದ್ದೆವು. ಸಮುದ್ರದಿಂದ ಸೂರ್ಯ ಹುಟ್ಟುವುದನ್ನು ಒಮ್ಮೆ ನೋಡಬೇಕೆಂಬುದು ಅಮ್ಮನ ಆಸೆ. ನಮ್ಮ ಕಡೆಯ ಸಮುದ್ರದಲ್ಲಿ ಅವನು ಮುಳುಗುವುದನ್ನಷ್ಟೇ ಅವಳು ಕಂಡಿದ್ದಳು. ಕಾನ್ಕೂನ್‌ನಿಂದ ತುಲುಮ್‌ಗೆ ಎರಡು ತಾಸಿನ ಬಸ್ಸು. ಹೆಚ್ಚುಕಡಿಮೆ ಶಿವಮೊಗ್ಗಕ್ಕೆ ಹೋಗಿ ತಿರುಗಿ ಸಾಗರಕ್ಕೆ ಬಂದಷ್ಟು ದೂರ, ಆದರೆ ದಾರಿಯುದ್ದಕ್ಕೂ ಒಂದು ಗುಡ್ಡವೂ ಇಲ್ಲ. ಮಧ್ಯಾಹ್ನ ಮೆಕ್ಕೆಜೋಳದ ರೊಟ್ಟಿ, ಕಪ್ಪು ಕಾಳಿನ ಪಲ್ಯ ಸಿಕ್ಕಿತು. ಅಮ್ಮ ಅರ್ಧ ರೊಟ್ಟಿ ತಿಂದು ತಟ್ಟೆ ಸರಿಸಿದಳು.

ತುಲುಮ್ ಮಾಯಾ ಜನರ ಹಾಳುಬಿದ್ದ ಪಟ್ಟಣ. ಮೂರು ಕಡೆ ದಪ್ಪ ಕಲ್ಲಿನ ಗೋಡೆ, ನಾಲ್ಕನೆಯ ಕಡೆ ಸಮುದ್ರ. ಗೋಡೆಯ ಬಾಗಿಲುಗಳು ಎಷ್ಟು ತಗ್ಗೆಂದರೆ ಬಗ್ಗಿ ನುಸುಳಬೇಕು. ಅಮ್ಮನನ್ನು ಮರದ ನೆರಳಲ್ಲಿ ಕೂರಿಸಿ ನಾನು ಬಂಡೆಯಂಚಿನ ಗುಡಿ ನೋಡಲು ಹೋದೆ.

ತಿರುಗಿ ಬಂದಾಗ ಮರದ ಕೆಳಗೆ ಅವಳ ನೀರಿನ ಬಾಟಲಿ ಮಾತ್ರ ಇತ್ತು.

“ಅಮ್ಮಾ,” ಎಂದು ಕರೆದೆ. ಜನ ತಿರುಗಿ ನೋಡಿದ್ದರಿಂದ ಮತ್ತೆ ಕೂಗಲಿಲ್ಲ. ಶುಗರಿನ ಮಾತ್ರೆ ನುಂಗಿ ಸರಿಯಾಗಿ ಉಣ್ಣದಿದ್ದರೆ ಅವಳಿಗೆ ಎಚ್ಚರ ತಪ್ಪುತ್ತದೆ. ಗ್ಲೂಕೋಸ್ ಪೊಟ್ಟಣ ಇದ್ದದ್ದು ನನ್ನ ಚೀಲದಲ್ಲಿ. ಮುಚ್ಚುವ ಹೊತ್ತಾಗಿ ಕಾವಲುಗಾರ ಸೀಟಿ ಊದುತ್ತ ಎಲ್ಲರನ್ನೂ ಹೊರಗೆ ಕಳಿಸತೊಡಗಿದ. ಕಲ್ಲುಗಳ ನಡುವೆ ಯಾರೂ ಉಳಿಯಲಿಲ್ಲ. ಗಾಳಿಯೂ ನಿಂತಿತು. ಆಗ ನಾಚಿಕೆ ಬಿಟ್ಟು ಕಿರುಚಿದೆ: “ಅಮ್ಮಾ! ಅಮ್ಮಾ! ಅಮ್ಮಾ!”

“ಓ,” ಎಂದಿತು ಗೋಡೆ.

ಬಾಗಿಲಿನ ಸಂದಿಯ ಕತ್ತಲಲ್ಲಿ ಅಮ್ಮ ಕಲ್ಲಿಗೊರಗಿ ಕೂತಿದ್ದಳು. ಮೈಯೆಲ್ಲ ತಣ್ಣನೆಯ ಬೆವರು. ಗ್ಲೂಕೋಸ್ ಬಾಯಿಗೆ ಹಾಕಿ, ನೀರು ಕುಡಿಸಿದೆ.

“ಆಗಲೇ ಕರೆದೆನಲ್ಲ, ಯಾಕೆ ಓಗೊಡಲಿಲ್ಲ?”

“ಒಂದ್ಸಲ ಕರೆದ್ರೆ ಯಾರು ಓಗೊಡ್ತಾರೆ? ಗೊತ್ತಿಲ್ದಿದ್ ಜಾಗ.”

ಅವಳ ತವರು ಹೊಸನಗರದ ಕಾಡಿನಂಚು. ಕಣ್ಣಿಗೆ ಕಾಣದ ದನಿ ಒಂದೇ ಸಲ ಕರೆದರೆ ಅಲ್ಲಿ ಯಾರೂ ಉತ್ತರಿಸುವುದಿಲ್ಲ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ.

“ನೆರಳು ಬಿಟ್ಟು ಇಲ್ಲಿಗ್ಯಾಕೆ ಬಂದೆ?”

“ಸಮುದ್ರದ ಕಡೆಯಿಂದ ‘ಸರೋಜಾ’ ಅಂತು. ಒಂದೇ ಸಲ. ಅದಕ್ಕೆ ಕಾಣ್ಬಾರ್ದು ಅಂತ ಇಲ್ಲಿ ನುಸುಳ್ದೆ. ಆಮೇಲೆ ನಿನ್ನ ದನಿಲೇ ‘ಅಮ್ಮಾ’ ಅಂತು. ಎಷ್ಟು ಚಾಲಾಕು ಇದು, ಅಂದ್ಕೊಂಡೆ.”

ಎರಡನೆಯದು ನಾನೇ ಎಂದು ಹೇಳಿದೆ. ಮೊದಲನೆಯದು ನಾನಲ್ಲ. ಆ ದೇಶದಲ್ಲಿ ಅಮ್ಮನ ಹೆಸರು ಬಲ್ಲವಳು ನಾನೊಬ್ಬಳೇ, ನಾನು ಎಂದೂ ಅವಳನ್ನು ಹೆಸರು ಹಿಡಿದು ಕರೆದವಳಲ್ಲ.

ರಾತ್ರಿ ತುಲುಮ್‌ನಲ್ಲೇ ಉಳಿದು, ಮರುದಿನ ಬೆಳಗ್ಗೆ ಬೆಳಕು ಹರಿಯುವ ಮೊದಲೇ ಅಮ್ಮನ ಸೊಂಟಕ್ಕೆ ಗ್ಲೂಕೋಸ್ ಪೊಟ್ಟಣ ಸಿಕ್ಕಿಸಿ ದಂಡೆಗೆ ಕರೆದುಕೊಂಡು ಹೋದೆ. ಕೊಳೆತ ಕಡಲಪಾಚಿಯ ವಾಸನೆ ಇತ್ತು. ಉತ್ತರಕ್ಕೆ, ದೂರದ ಬಂಡೆಯ ಮೇಲೆ, ಆ ಗುಡಿ ಮಸುಕಾಗಿ ಕಾಣುತ್ತಿತ್ತು. ಅಮ್ಮ ನಡೆಯುತ್ತಿದ್ದವಳು ನಿಂತು, ಆ ಕಡೆಗೆ ಕಿವಿ ಕೊಟ್ಟಳು. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡು ದಕ್ಷಿಣದ ಕಡೆಗೆ ನಡೆದೆ.