ಸ್ವಿಚ್ಚು ಆರಿಸುವ ಚಿಕ್ಕಪ್ಪನ ಹಸಿರು ಪಾಠ

ಚಿಕ್ಕಪ್ಪ ಎದ್ದುಹೋದ ಕೋಣೆಯಲ್ಲಿ ಉಳಿದವರು ಕತ್ತಲೆಯಲ್ಲಿ ತಡಕಾಡಬೇಕು. ಹೊರಟರೆಂದರೆ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಒಳಗೆ ಯಾರಿದ್ದಾರೆಂದು ತಿರುಗಿ ನೋಡುವ ಪದ್ಧತಿಯಿಲ್ಲ. ಒಮ್ಮೆ ನಾನು ಮಗಳಿಗೆ ಸ್ನಾನ ಮಾಡಿಸುತ್ತಿರುವಾಗಲೇ, ಬಚ್ಚಲಮನೆಯ ಮುಂದೆ ಹಾದುಹೋಗುತ್ತ ಹೊರಗಿನಿಂದ ದೀಪ ಆರಿಸಿದ್ದರು. ಮೈಯೆಲ್ಲ ಸೋಪಿದ್ದ ಮಗು ಕೈಜಾರಿದ್ದರೆ ಏನು ಗತಿ ಎಂದು ನೆನೆದರೆ ಈಗಲೂ ಅವಳನ್ನು ಗಟ್ಟಿಯಾಗಿ ಅಪ್ಪಿಕೊಳ್ಳುತ್ತೇನೆ.

ಈ ಗುಣ ನೋಡಿಯೇ ಬಿಜಿನೆಸ್ ಕಾಲೇಜಿನವರು, ಅದುವರೆಗೆ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ಅವರಿಗೆ ‘ಪರಿಸರ ಉಳಿಸಿ, ಲಾಭ ಗಳಿಸಿ’ ಎಂಬ ಹೊಸ ವಿಷಯ ವಹಿಸಿದ್ದರು. ಅಷ್ಟರಲ್ಲಿ ನಿವೃತ್ತಿಯ ವಯಸ್ಸೂ ಬಂತು. ಕಾಲೇಜಿನ ಅಧ್ಯಕ್ಷರೆದುರು ಒಂದು ಪಾಠ ಮಾಡಿ ಮೆಚ್ಚಿಸಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಮನೆ. ಗಂಡ ಇಡೀ ದಿನ ಮನೆಯಲ್ಲಿರುತ್ತಾರೆಂಬ ಯೋಚನೆಗೇ ಚಿಕ್ಕಮ್ಮ ಅರ್ಧ ಇಳಿದುಹೋಗಿದ್ದರು.

"ನೀನೂ ಹೋಗಿ ಕೂತ್ಕೊಳೆ, ಅವರಿಗೂ ಧೈರ್ಯ ಇರುತ್ತೆ" ಎಂದು ನನ್ನನ್ನು ಜೊತೆಗೆ ಅಟ್ಟಿದರು.

ಸಭಾಂಗಣದ ಏಸಿ ಹೇಗಿತ್ತೆಂದರೆ ಅಧ್ಯಕ್ಷರು ಕೋಟಿನ ಮೇಲೆ ಶಾಲು ಹೊದ್ದಿದ್ದರು. ನಾನು ಮಗಳಿಗೆ ಟೋಪಿ, ಕಾಲುಚೀಲ, ಕಂಬಳಿ ಎಲ್ಲ ಸುತ್ತಿ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮತ್ತೆ ಮತ್ತೆ ಮೂಗಿನ ಬಳಿ ಬೆರಳಿಡುತ್ತಿದ್ದೆ. ಚಿಕ್ಕಪ್ಪ ವಿದ್ಯುತ್ತಿನ ಮಿತಬಳಕೆಯ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿ, ನೀರು ಕುಡಿಯಲು ಹೊರಗೆ ಹೋದರು. ಹೋಗುತ್ತ ಬಾಗಿಲ ಪಕ್ಕದ ದೊಡ್ಡ ಸ್ವಿಚ್ಚನ್ನೂ ಆರಿಸಿ ಹೋದರು.

ಯಾರೋ ಎದ್ದು ಮತ್ತೆ ಹಾಕಿದರು. ದೀಪ ಬಂತು, ಏಸಿ ಮಾತ್ರ ಮುನಿಸಿಕೊಂಡಿತು. ತುಸು ಹೊತ್ತಿಗೇ ಸಭಾಂಗಣ ಒಲೆಯಾಯಿತು.

"ಸೆಕೆ ಕಣ್ರೀ, ಕಿಟಕಿ ತೆಗೀರಿ!" ಎಂದರು ಅಧ್ಯಕ್ಷರು.

"ತೆಗೆಯೋಕೆ ಬರಲ್ಲ ಸರ್, ಗಾಜು ಕೂರಿಸಿಬಿಟ್ಟಿದೀವಿ" ಎಂದರು ಪ್ರಿನ್ಸಿಪಾಲರು. "ಪರಿಸರಸ್ನೇಹಿ ಕಟ್ಟಡ ಅಲ್ವಾ!"

ಅಧ್ಯಕ್ಷರ ಶಾಲು ಹೋಯಿತು, ಕೋಟು ಹೋಯಿತು, ಟೈ ಹೋಯಿತು. ಮುಂದೇನು ಕಾದಿದೆಯೋ ಎಂದು ನಾನು ಮಗಳ ಕಣ್ಣು ಮುಚ್ಚಲು ಸಿದ್ಧಳಾದೆ.

ಅಷ್ಟರಲ್ಲಿ ಚಿಕ್ಕಪ್ಪ ಬಂದು ಬಾಗಿಲಲ್ಲಿ ಬೆಪ್ಪಾಗಿ ನಿಂತರು. "ಕ್ಷಮಿಸಿ ಸರ್, ಕೈ ತಡೀಲಿಲ್ಲ."

"ಕ್ಷಮೆ ಯಾಕ್ರೀ?" ಬೆವರು ಒರೆಸಿಕೊಂಡ ಅಧ್ಯಕ್ಷರ ಮುಖ ಅರಳಿತ್ತು. "ಇದಲ್ವೇನ್ರೀ ಅನುಭವದ ಪಾಠ! ಕರೆಂಟ್ ಬಿಲ್ ಉಳೀತು, ಮೇಲೆ ಇದಕ್ಕೇ ಬೇರೆ ಫೀಸು ತಗೋಬಹುದು. ನಾಳೆಯಿಂದ ನಿಮ್ಮ ಕ್ಲಾಸೆಲ್ಲ ಹೀಗೇ ನಡೀಲಿ."

ಹಾಗೆಂದವರೇ ತಣ್ಣಗಿದ್ದ ತಮ್ಮ ಕೋಣೆಗೆ ಓಡಿದರು.

ಮನೆ ಬಾಗಿಲಲ್ಲೇ ಚಿಕ್ಕಮ್ಮ ಕಾದಿದ್ದರು. "ಏನಾಯ್ತ್ರೀ?"

"ಉಳೀತು ಕಣೆ ಕೆಲಸ" ಎಂದು ಚಿಕ್ಕಪ್ಪ ಒದ್ದೆ ಅಂಗಿ ಬಿಚ್ಚುತ್ತ ಒಳಗೆ ಹೋದರು.

ನನಗೆ ಹೊಸ ಚಿಂತೆ ಹತ್ತಿತು. "ದಿನಾ ಹೀಗೆ ಬೆವರಿ ನೆಗಡಿ ಬಂದ್ರೆ? ಅದು ಮಗುಗೆ ಅಂಟಿಕೊಂಡ್ರೆ ಏನ್ ಮಾಡೋದು ಚಿಕ್ಕಮ್ಮ?"

"ಸುಮ್ನಿರೆ ನೀನು" ಎಂದರು ಚಿಕ್ಕಮ್ಮ. "ಎಷ್ಟು ಬೇಕಾದ್ರೂ ಬೆವರಲಿ. ಸಂಜೆವರೆಗೂ ಕಾಲೇಜಲ್ಲೇ ಬೆವರಿದ್ರೆ ಸಾಕು!"